ಒಂದರ ಪಕ್ಕದ ಜಾಗ

ಫ್ಯಾನಿನ ಗಾಳಿಗೆ ಕಾಗದದ ಮೂಲೆ ಏಳುತ್ತದೆ, ಬೀಳುತ್ತದೆ, ಎದ್ದಾಗ ಕಾಣುವ ಕೊನೆಯ ಸಾಲು, ಒತ್ತಡ 1, ಅಷ್ಟರಲ್ಲಿ ಮ್ಯಾನೇಜರರ ಹೆಬ್ಬೆರಳು ಅಡ್ಡ ಬರುತ್ತದೆ, ಮತ್ತೆ ಎದ್ದಿತು, ಮತ್ತೆ ಅದೇ ಒಂದು, ಅವಳಿಗೆ ಯಾಕೋ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ, ಏನೋ ಸರಿಯಿಲ್ಲ, ಏನು ಎಂದು ಕೇಳಿದರೆ ಹೇಳಲಾರಳು, ತಲೆಯೆಲ್ಲ ಕಲಸುಮೇಲೋಗರ. ಪಕ್ಕದ ಕುರ್ಚಿಯಲ್ಲಿ ಅಣ್ಣ, ಈ ಬಟ್ಟೆ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನು, ಈ ಮಾತುಕತೆ ಮುಗಿದ ಮೇಲೆ ಕೆಲಸ ಹೋಗಿ ಏನೂ ನೋಡಿಕೊಳ್ಳದವನು — ನೋಡಿ ಮೇಡಂ, ಮ್ಯಾನೇಜರು ಹೇಳುತ್ತಿದ್ದಾರೆ, ಒತ್ತಡ ಹತ್ತು ಮುಟ್ಟಿದ್ರೆ ಮಾತ್ರ ಕೈಯಲ್ಲಿ ವಾಲ್ವ್ ತೆಗೆದು ಕರೆಂಟ್ ಕಡೀಬೇಕು, ಇವರು ಒಂಬತ್ತಿದ್ದಾಗಲೇ ತೆಗೆದಿದಾರೆ, ಇಲ್ನೋಡಿ, ಎಂಟು, ಒಂಬತ್ತು, ಒಂಬತ್ತು, ಆಮೇಲೆ ಧಸಕ್ಕಂತ ಒಂದು, ಬಣ್ಣದ ತೊಟ್ಟಿಯಲ್ಲಿದ್ದ ಬಟ್ಟೆಯೆಲ್ಲ ಹಾಳು, ದಾಖಲೆ ಬರೆದಿರೋದು ನಿಮ್ಮ ಕಂಪನಿಯ ಪ್ರೋಗ್ರಾಮೇ ಅಲ್ವಾ. ಹೌದು ಸರ್, ನಮ್ಮದೇ, ಅವಳು ಕೂತು ಬರೆದದ್ದೇ, ಅದು ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವವನು ಅಣ್ಣ, ಸುಳ್ಳಲ್ಲ ಪಾಪ, ಬಡಾಯಿ, ಚಿಕ್ಕಂದಿನಲ್ಲಿ ಅಟ್ಟಿಸಿಕೊಂಡು ಬಂದ ನಾಯಿ ಇವನ ಬಾಯಲ್ಲಿ ಕರುವಿನಷ್ಟಾಗಿತ್ತು, ಕೆರೆಯ ಮೀನು ಸೈಕಲ್ಲಿನಷ್ಟು, ಅಮ್ಮ ಒಲೆಯ ಮುಂದೆ ಕೂತು, ಇವನು ಹೇಳಿದ್ದರಲ್ಲಿ ಅರ್ಧ ಕಳೆದು ಕೇಳಿಸ್ಕೊಳ್ಳೇ — ಹಾಗಿರುವಾಗ ಬೆಳಿಗ್ಗೆ ಬಸ್ಸಿನಲ್ಲಿ ಅವನು, ಹದಿನಾಲ್ಕು ತೋರಿಸ್ತಿತ್ತು ಕಣೇ, ಮುಳ್ಳು ನಡುಗ್ತಿತ್ತು, ನಾನು ವಾಲ್ವ್ ತೆಗೀದಿದ್ರೆ ಒಳಗಿದ್ದೋರ್ಯಾರೂ ಉಳೀತಿರ್ಲಿಲ್ಲ, ಎಂದಾಗ ಅವಳ ಬಾಯಿಗೆ ಬಂದದ್ದು, ಮ್ಯಾನೇಜರ ಮುಂದಾದ್ರೂ ಇದ್ದದ್ದು ಇದ್ದ ಹಾಗೆ ಹೇಳಣ್ಣ. ಅವನು ಕಿಟಕಿ ಕಡೆ ತಿರುಗಿದ. ಅಲ್ಲಿಂದ ಇಲ್ಲಿಯವರೆಗೆ ತುಟಿ ಪಿಟಕ್ಕೆಂದಿಲ್ಲ, ಮಾತಿನ ಮಲ್ಲನಿಗೆ ಇದೇನು ಬಂತು, ಮನೆಯಿಂದ ಹೊರಡುವಾಗ ಅತ್ತಿಗೆ ಬಾಗಿಲಲ್ಲಿ ನಿಂತು, ನೀನೇ ನಂಬದಿದ್ರೆ ಇನ್ಯಾರು ನಂಬ್ತಾರಮ್ಮ, ಎಂದಿದ್ದಳು, ನಂಬುವುದು ಯಾರನ್ನ, ತಾನು ಕಟ್ಟಿದ ಯಂತ್ರದ ಲೆಕ್ಕವನ್ನೋ, ಒಡಹುಟ್ಟಿದವನನ್ನೋ, ಎರಡೂ ನಿಜ ಆಗುವುದು ಹೇಗೆ.

ಮೂಲೆ ಎದ್ದಿತು, ಒಂದು, ಆ ಒಂದರ ಆಚೆ ಏನೂ ಇಲ್ಲ, ಪ್ರೋಗ್ರಾಮು ಪ್ರತಿ ಅಳತೆಯ ಕೊನೆಗೂ ಒಂದು ಚುಕ್ಕಿ ಇಡಬೇಕಲ್ಲ, ಎಂಟರ ಮುಂದೆ ಇದೆ, ಒಂಬತ್ತರ ಮುಂದೆ ಇದೆ, ಇಲ್ಲಿ ಯಾಕಿಲ್ಲ, ಪ್ರಿಂಟರಿನಲ್ಲಿ ಶಾಯಿ ಮುಗಿಯಿತೇ, ಅಥವಾ — ಆಫೀಸಿನ ಹಿರಿಯರು ಕನ್ನಡಕ ಒರೆಸುತ್ತ, ಅಕ್ಷರಕ್ಕೊಂದು ಸಲ ಡಿಸ್ಕಿಗೆ ಓಡಿದ್ರೆ ಯಂತ್ರ ತೆವಳುತ್ತೆ ಕಣಮ್ಮ, ಬಫರಿನಲ್ಲಿ, ಯಂತ್ರದ ನೆನಪಿನ ಒಂದು ಚೂರು ಜಾಗದಲ್ಲಿ, ಕೂಡಿಡು, ತುಂಬಿದ ಮೇಲೆ ಒಟ್ಟಿಗೆ ಸುರಿ, ಎಂದಿದ್ದರು, ಸೋರುವ ನಲ್ಲಿಗೆ ಬಕೆಟ್ ಇಟ್ಟು ತುಂಬಿದ ಮೇಲೆ ಚೆಲ್ಲಿ ಬರುವ ಹಾಗೆ, ಬಫರಿಗೆ ಸಾಲು ಗೊತ್ತಿಲ್ಲ, ಸಂಖ್ಯೆ ಗೊತ್ತಿಲ್ಲ, ತುಂಬಿದ್ದೊಂದೇ ಗೊತ್ತು, ತುಂಬಿದರೆ ಮಾತಿನ ನಡುವೆಯೇ ಸುರಿಯುತ್ತದೆ, ಉಳಿದ ತುಣುಕು ಮುಂದಿನ ಸಲಕ್ಕೆ, ಮುಂದಿನ ಸಲ ಎಲ್ಲಿಂದ ಬಂತು, ಅಣ್ಣ ಕರೆಂಟ್ ಕಡಿದನಲ್ಲ, ನೆನಪಿನಲ್ಲಿದ್ದದ್ದೆಲ್ಲ ಗಾಳಿಗೆ ಹೋಯಿತಲ್ಲ. ಹೋದದ್ದು ಬರೀ ಚುಕ್ಕಿಯೋ, ಅಂಕಿಯೋ, ಅವನು ಹೇಳಿದ್ದು ಸರಿಯಿರಲಿ ಎಂಬ ಆಸೆಗೆ ಹೀಗೆಲ್ಲ ಹೊಳೆಯುತ್ತಿದೆಯೋ. ಸರ್, ಸ್ವಲ್ಪ ಬೆರಳು ತೆಗೀತೀರಾ.

ಎಂಟು, ಅದರ ಎಡಕ್ಕೆ ಒಂದು ಖಾಲಿ ಮನೆ, ಒಂಬತ್ತು, ಎಡಕ್ಕೆ ಖಾಲಿ, ಸಂಖ್ಯೆಗೆ ಎರಡು ಮನೆ ಕೊಟ್ಟವಳು ಅವಳೇ, ಬಿಡಿ ಅಂಕಿ ಬಂದರೆ ಎಡಗಡೆ ಖಾಲಿ ಬಿಟ್ಟು ಬಲಮನೆಯಲ್ಲಿ ಕೂರಬೇಕು, ಈ ಒಂದು ಮಾತ್ರ ಎಡಮನೆಯಲ್ಲಿ ಕೂತಿದೆ, ಹತ್ತರ ಸ್ಥಾನದಲ್ಲಿ ಮಹಾರಾಜನಂತೆ ಕೂತಿದೆ, ಅಯ್ಯೋ ದೇವರೇ, ಇಷ್ಟು ಹೊತ್ತು ಕಣ್ಣಿಗೇನು ಮಂಕು ಕವಿದಿತ್ತು. ಇದು ಒಂದಲ್ಲ ಸರ್, ಒಂಬತ್ತರಿಂದ ಕೆಳಕ್ಕೆ ಗೀಟು ಎಳೆದು ತೋರಿಸುತ್ತಿದ್ದಾಳೆ, ಬರೀ ಒಂದಾಗಿದ್ರೆ ಒಂಬತ್ತರ ಕೆಳಗೆ ಬರ್ತಿತ್ತು, ಇದು ಹತ್ತು, ಇಲ್ಲಾ ಹತ್ತರ ಮೇಲಿನ ಯಾವುದೋ ಸಂಖ್ಯೆ, ಅರ್ಧಕ್ಕೆ ಕಡಿದುಹೋಗಿದೆ. ಮ್ಯಾನೇಜರು ಬಗ್ಗಿ ನೋಡುತ್ತಾರೆ, ಕಾಗದ ತಿರುಗಿಸಿ ನೋಡುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ, ಹಂಗಾದ್ರೆ ಇವರು ತೆಗೆದದ್ದು ಸರಿಯೇ ಅನ್ನಿ, ಎಷ್ಟಿತ್ತು ಮತ್ತೆ. ಎಷ್ಟಿತ್ತು, ಹತ್ತೂ ಆಗಬಹುದು, ಹತ್ತೊಂಬತ್ತೂ ಆಗಬಹುದು, ಇನ್ನಾವ ಯಂತ್ರವೂ ಹೇಳಲಾರದು, ಗೊತ್ತಿಲ್ಲ ಎನ್ನುವುದೇ ನ್ಯಾಯ. ಹದಿನಾಲ್ಕು, ಎಂದಳು. ಎಲ್ಲಿ ಬರೆದಿದೆ ಮೇಡಂ? ಎಲ್ಲೂ ಬರ್ದಿಲ್ಲ ಸರ್, ನಮ್ಮಣ್ಣ ಕಣ್ಣಾರೆ ನೋಡಿದಾನೆ. ಈಗಲಾದರೂ ಅವನು ಎದೆ ಉಬ್ಬಿಸಲಿ, ಹದಿನಾರು ಎನ್ನಲಿ, ಇಪ್ಪತ್ತೇ ಎನ್ನಲಿ, ಇವತ್ತೊಂದು ದಿನ ಎಷ್ಟು ಬೇಕಾದರೂ ಏರಿಸಲಿ, ಅವಳು ಹೌದು ಹೌದು ಎಂದು ತಲೆಯಾಡಿಸುತ್ತಾಳೆ — ಅಣ್ಣ ನೆಲ ನೋಡುತ್ತ, ಮೆಲ್ಲಗೆ, ಹನ್ನೊಂದಿದ್ರೂ ಇರ್ಬಹುದು ಕಣೇ, ಆವಿ ತುಂಬ್ಕೊಂಡಿತ್ತು, ನಂಗೆ ಸರಿಯಾಗಿ ಕಂಡಿರ್ಲಿಕ್ಕಿಲ್ಲ. ಅವಳು ಏನಾದರೂ ಹೇಳಬೇಕು, ಹೇಳಲು ಹೊರಟರೆ ಕಣ್ಣು ಕಾಗದ ಬಿಟ್ಟು ಏಳುತ್ತಿಲ್ಲ, ಒಂದು, ಅದರ ಪಕ್ಕ ಖಾಲಿ, ಒಂದು, ಅದರ ಪಕ್ಕ