ಕೇಳಬಾರದ ತೊಟ್ಟಿಲು

ನಮ್ಮ ವನಗೂರಿಗೆ ಅದೇನಾಯಿತೋ, ಈ ವರ್ಷ ಕಂಡ ಹೆಂಗಸರೆಲ್ಲ ಬಸುರಿಯರೇ. ವರ್ಷಗಟ್ಟಲೆ ಮಗು ಅತ್ತ ಸದ್ದೇ ಇಲ್ಲದ ಊರು ಮಾರಾಯರೇ! ನಮ್ಮ ಮನೆಯ ಹಲಸಿನ ಮರದ ತೊಟ್ಟಿಲು ಅಟ್ಟದಲ್ಲಿ ಮೆಣಸಿನ ಮೂಟೆಗಳ ಹಿಂದೆ ಬಿದ್ದಿತ್ತು. ಊರಿಗೆಲ್ಲ ಅದೊಂದೇ. ಮೊದಲು ಹೆತ್ತವರು ಒಯ್ಯುತ್ತಾರೆ, ಮಗು ಅಂಬೆಗಾಲಿಟ್ಟ ಮೇಲೆ ಅವರೇ ತಂದುಕೊಡುತ್ತಾರೆ. ನಾವಾಗಿ ಕೇಳುವಂತಿಲ್ಲ. ಕೇಳಿದರೆ ಆ ಮಗುವಿನ ನಿದ್ದೆ ಕಿತ್ತುಕೊಂಡ ಹಾಗೆ ಅಂತ ನಮ್ಮತ್ತೆ ಹೇಳುತ್ತಿದ್ದರು.

ಆಷಾಢದಲ್ಲಿ ಜೀಪ್ ಓಡಿಸುವ ಜಬ್ಬಾರನ ಹೆಂಡತಿ ಸಾಲೇಹಾ ಹೆತ್ತಳು, ತೊಟ್ಟಿಲು ಅಲ್ಲಿಗೆ ಹೋಯಿತು. ಆಮೇಲೆ ನಮ್ಮ ಸೊಸೆ ಮಾನಸ ಹೆತ್ತಳು, ಮದುವೆಯಾಗಿ ಏಳು ವರ್ಷಕ್ಕೆ. ತೀರಿಹೋದ ನಮ್ಮ ಯಜಮಾನರು, ಮಗ ವಸಂತ, ಇಬ್ಬರೂ ಮಲಗಿದ ತೊಟ್ಟಿಲು ಅದು. ಮೊಮ್ಮಗಳಿಗೆ ಅದರಲ್ಲೇ ಹೆಸರಿಡಬೇಕು ಅಂತ ನನ್ನ ಹಠ.

"ಪೇಟೆಯಿಂದ ಕಬ್ಬಿಣದ್ದೊಂದು ತರ್ತೀನಿ, ಬುಡವ್ವ" ಅಂದ ವಸಂತ.

"ತಂದು ನಿನ್ ತಲೆ ಮೇಲಿಟ್ಕೋ!" ಅಂದೆ.

ಸಿಟ್ಟಿನಲ್ಲೇ ತೋಟಕ್ಕೆ ಹೋಗಿ, ಕೆಲಸದ ಗಂಗಾಮಣಿಯನ್ನು ಕೇಳಿದೆ. "ಅಲ್ವೇ, ಎಲ್ರೂ ಒಟ್ಟಿಗೇ ಹೆರೋದಂದ್ರೇನು? ನೀರಲ್ಲೇನಾದ್ರೂ ಐತಾ?"

ಅವಳು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನೀರಲ್ಲಲ್ಲ ಕಣಮ್ಮ, ರಸ್ತೇಲೈತೆ. ಒಂಟಿ ಸಲಗ! ಹೋದ್ವರ್ಷ ಅದು ಬಂದಾಗಿಂದ ನಮ್ ಗಂಡಸರು ಬಾಳ್ಳುಪೇಟೆ ಸುತ್ತೋದು ಬುಟ್ಟು, ಹೊತ್ತು ಮುಳುಗೋದ್ರೊಳಗೆ ಮನೆ ಸೇರ್ಕೊಂಡ್ಬುಡ್ತಾರೆ. ಇನ್ನೇನ್ ಮಾಡ್ತಾರೆ?"

ಅಯ್ಯೋ, ಹೌದಲ್ಲ! ಮೊದಲೆಲ್ಲ ವಸಂತ ಇಸ್ಪೀಟು ಮುಗಿಸಿ ಬರುವಷ್ಟರಲ್ಲಿ ಮಾನಸ ಮಲಗಿಬಿಟ್ಟಿರುತ್ತಿದ್ದಳು. ಬಾಳೆ ಮುರಿದ ಆ ಆನೆಗೆ ನಾನು ದಿನವೂ ಶಾಪ ಹಾಕುತ್ತಿದ್ದೆ. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಹೆಸರಿಡುವ ದಿನ ಬೆಳಿಗ್ಗೆ ತಡೆಯಲಾರದೆ, ಮಗು ನೋಡುವ ನೆಪದಲ್ಲಿ ಸಾಲೇಹಾಳ ಮನೆಗೆ ಹೋದೆ. ತೊಟ್ಟಿಲಲ್ಲಿ ಅವಳ ಮಗ ಸೊಹೇಲ್ ಹಾಯಾಗಿ ಮಲಗಿದ್ದ. ತೊಟ್ಟಿಲಿನ ಅಂಚಿನ ಮೇಲೆ ಕೈಯಾಡಿಸಿದೆ. ಬಾಯಿ ಬಿಡಲಿಲ್ಲ. ಕಣ್ಣು ಮಾತ್ರ ತುಂಬಿಬಂತು.

"ಇವತ್ತು ಹೆಸರಿಡೋದಲ್ವಾ ಸರೋಜಮ್ಮ? ತಗೊಂಡೋಗಿ" ಅಂದಳು ಸಾಲೇಹಾ.

"ಬ್ಯಾಡ ಬ್ಯಾಡ! ಮಗು ಮಲಗೈತೆ."

"ಅವನನ್ನ ಯಾಕೆ ಎಬ್ಬಿಸ್ಬೇಕು? ಅವನೂ ಬರ್ತಾನೆ" ಅಂದವಳೇ ಗಂಡನನ್ನು ಕೂಗಿದಳು.

ಜಬ್ಬಾರ್ ಮಗುವಿನ ಸಮೇತ ತೊಟ್ಟಿಲನ್ನು ಜೀಪಿಗೆ ಏರಿಸಿದ. ಹಿಂದೆ ನಾವಿಬ್ಬರೂ ಹಿಡಿದುಕೊಂಡು ಕೂತೆವು. ಅಷ್ಟು ಕುಲುಕಿದರೂ ಹುಡುಗ ಕಣ್ಣು ಬಿಡಲಿಲ್ಲ.

ಮನೆಯಲ್ಲಿ ಅವನ ಪಕ್ಕಕ್ಕೇ ಮೊಮ್ಮಗಳನ್ನು ಮಲಗಿಸಿದೆವು. ನಾನು ಬಗ್ಗಿ ಅವಳ ಕಿವಿಯಲ್ಲಿ ಹೆಸರು ಹೇಳಿ, ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದೆ: "ಗಜಲಕ್ಷ್ಮಿ."

"ಇದ್ಯಾವ ಹಳೇ ಕಾಲದ ಹೆಸ್ರವ್ವ?" ಅಂತ ವಸಂತ ಮುಖ ಗಂಟಿಕ್ಕಿದ.

"ಸುಮ್ನಿರೋ. ಆ ಸಲಗ ಬರ್ದೇ ಹೋಗಿದ್ರೆ ನೀನಿನ್ನೂ ಇಸ್ಪೀಟ್ ಆಡ್ತಿದ್ದೆ" ಅಂದೆ.

ಮಾನಸ ತಲೆ ತಗ್ಗಿಸಿ ತೊಟ್ಟಿಲು ತೂಗತೊಡಗಿದಳು.