ಆಸ್ಪತ್ರೆಗೆ ಬಂದ ಕುರಿ

ಬುರುಲಜ್ಜಿ ಮೊಮ್ಮಗಳನ್ನು ನೋಡಲು ಬಂದದ್ದು ಇಡೀ ಒಂದು ಕುರಿಯೊಂದಿಗೆ. ಬೇಯಿಸಿದ್ದೇ, ನಿಜ. ಆದರೆ ಅದರ ಘಮಕ್ಕೆ ನರಿನ್ ಪಟ್ಟಣದ ಸಮಸ್ತ ನಾಯಿಗಳೂ ಅವಳು ಬಂದ ವ್ಯಾನಿನ ಹಿಂದೆ ಮೆರವಣಿಗೆ ಹೊರಟವು. ಆಸ್ಪತ್ರೆಯ ಕೆಳಮಹಡಿಯಲ್ಲಿ ತಿಂಗಳಿಂದ ಬಾಯಿ ಬಿಡದ ಮುದುಕ ಎದ್ದು ಕೂತು ಉಪ್ಪು ಕೇಳಿದ. ಬಾಗಿಲಲ್ಲಿ ನರ್ಸು ಅಜ್ಜಿಯ ಚಾಕು ತೆಗೆದಿಟ್ಟುಕೊಂಡಳು. ಯಾಕೆಂದು ಅಜ್ಜಿ ಕೇಳಲಿಲ್ಲ.

ಹದಿನಾರರ ಬೆಗಾಯಿಮ್ ಉದ್ದ ತೋಳಿನ ಸ್ವೆಟರಿನೊಳಗೆ ಮುದುಡಿದಳು. ತನ್ನ ಕೈಗೆ ತಾನೇ ಗಾಯ ಮಾಡಿಕೊಂಡು ಅವಳು ಇಲ್ಲಿ ಸೇರಿ ಮೂರು ವಾರ. ಮನಸ್ಸಿಗೆ ಹತ್ತಿರದ ಒಬ್ಬರಿಗೆ ನೀನೇ ನಿಜ ಹೇಳು ಎಂದಿದ್ದರು ಡಾಕ್ಟರಮ್ಮ. ಹತ್ತಿರದವಳು ಅಜ್ಜಿಯೇ; ಕಷ್ಟವೂ ಅಲ್ಲೇ. ತನ್ನೂರು ಅಟ್‌ಬಾಶಿಯ ಕುದುರೆಗಳಿಗೂ ಬಾಯಿಪಾಠವಾಗುವಷ್ಟು ಮೊಮ್ಮಗಳನ್ನು ಹೊಗಳಿದವಳು ಅವಳು. ಈ ಮಾತು ಕೇಳಿದರೆ ಒಡೆದುಹೋಗುತ್ತಾಳೆ ಎಂಬುದೇ ಬೆಗಾಯಿಮಳ ಭಯ.

ಮಾಂಸಕ್ಕೆ ಕೈಹಾಕುವ ಮುಂಚೆ ಮನೆಯ ಕಿರಿಯರು ಹಿರಿಯರ ಕೈಗೆ ನೀರು ಹಾಕಬೇಕು. ಅಜ್ಜಿ ತಾನೇ ಹೂಜಿ ಎತ್ತಿದಳು. ಭೂಮಿ ಹುಟ್ಟಿದ ಮೇಲೆ ಇಂಥದ್ದು ಇದೇ ಮೊದಲು.

"ತೋಳು ಮಡಿಸೇ."

"ಚಳಿ ಅಜ್ಜಿ."

ಹೊರಗೆ ಗುಬ್ಬಿ ಹುರಿದುಹೋಗುವಂಥ ಜುಲೈ ಬಿಸಿಲು. ಅಜ್ಜಿ ಹೂಜಿ ಹಿಡಿದು ನಿಂತೇ ಇದ್ದಳು.

"ನಂಗೆ ಅಪೆಂಡಿಕ್ಸ್ ಅಲ್ಲ ಅಜ್ಜಿ. ನನ್ ಕೈಗೆ ನಾನೇ ಗಾಯ ಮಾಡ್ಕೊಂಡೆ. ನಿನ್ ಮರ್ಯಾದೆ ತೆಗೆದ್ಬಿಟ್ಟೆ."

"ನಿಮ್ಮಪ್ಪ ಅಪೆಂಡಿಕ್ಸ್ ಅಂದ. ನಿಮ್ಮತ್ತೆ ಟಾನ್ಸಿಲ್ ಅಂದ್ಳು. ನಿನ್ ತಮ್ಮ ಕಿಡ್ನಿ ಅಂದ. ಅಷ್ಟೆಲ್ಲ ತೆಗೆದಿದ್ರೆ ನೀನು ಖಾಲಿ ಚೀಲ ಆಗಿರ್ಬೇಕಿತ್ತಲ್ಲೇ," ಎಂದಳು ಅಜ್ಜಿ. "ಏನೋ ದೊಡ್ಡ ನೋವೇ ಇರ್ಬೇಕು ಅನ್ಕೊಂಡೆ. ಮರ್ಯಾದೆ ಹೋದೋರ ಮನೇಗೆ ಯಾರಾದ್ರೂ ಕುರಿ ಹೊತ್ಕೊಂಡ್ ಬರ್ತಾರಾ? ಬೈಯೋದಿದ್ರೆ ಮನೇಗ್ ಬಂದ್ಮೇಲೆ ಬೈತೀನಿ. ಈಗ ಕೈ ಒಡ್ಡು."

ಬೆಗಾಯಿಮ್ ತೋಳು ಮಡಿಸಿದಳು, ಮೊಳಕೈವರೆಗೂ. ಅಜ್ಜಿ ನೋಡಿದಳು. ಬೆಚ್ಚನೆಯ ನೀರು ಸುರಿಯತೊಡಗಿದಳು, ನಿಲ್ಲಿಸುವುದನ್ನೇ ಮರೆತಳು. ಬೋಗುಣಿ ತುಂಬಿತು, ನೆಲ ತುಂಬಿತು, ನರ್ಸಿನ ಚಪ್ಪಲಿ ನರಿನ್ ನದಿಯ ಕಡೆಗೆ ತೇಲಿಹೊರಟಿತು. ಅಜ್ಜಿಯ ಗದ್ದದಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಮಾಂಸದ ಹಬೆ ಕಣೇ ಎಂದಳು. ಕುರಿ ಆರಿ ತಾಸಾಗಿತ್ತು.

ಚಪ್ಪಲಿ ಅಟ್ಟಿಸಿಕೊಂಡು ನರ್ಸು ಬೈಯಲು ಬಂದಳು. ಬೆಗಾಯಿಮ್ ಬರಿದಾದ ಹೂಜಿಯನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡು ನಲ್ಲಿಯಲ್ಲಿ ತುಂಬಿಸಿ ತಂದಳು. ಮೊದಲು ಅಜ್ಜಿಯ ಕೈಗೆ, ಆಮೇಲೆ ನರ್ಸಿನ ಕೈಗೆ ನೀರು ಹಾಕಿದಳು. ತೋಳು ಇಳಿಸುವುದು ಅವಳಿಗೆ ನೆನಪಾದದ್ದು ಕುರಿಯ ಕೊನೆಯ ಎಲುಬು ಚೀಪಿ ಆದ ಮೇಲೆಯೇ.