ಹನ್ನೆರಡು ಮನೆಯ ಚಪ್ಪಡಿ

ಕಲ್ಲು ಕೊಯ್ಯುವುದರಲ್ಲಿ ನನ್ನ ಸರಿಸಮ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಸುದ್ದಿ ಕೇಳಿ ಬೇರೆ ಕಸುಬು ಹಿಡಿದಿರುತ್ತಾನೆ. ನಾನು ಗರಗಸ ಹಚ್ಚಿದರೆ ಬಂಡೆ ತಾನಾಗಿ ಸರಿದು ದಾರಿ ಬಿಡುತ್ತದೆ. ಊರಿನ ಅರ್ಧದಷ್ಟು ಅಡುಗೆಕಟ್ಟೆಗಳು, ಬ್ಯಾಂಕಿನ ಮೆಟ್ಟಿಲು, ಆಸ್ಪತ್ರೆಯ ನೆಲ, ಎಲ್ಲ ನನ್ನ ಕೈಯವು. ಇನ್ನರ್ಧವೂ ನನ್ನದೇ ಎನ್ನುತ್ತೇನೆ. ಈವರೆಗೆ ಯಾರೂ ತಕರಾರು ತೆಗೆದಿಲ್ಲ.

ಆದರೆ ಜನ ನನ್ನ ಅಂಗಡಿಗೆ ಮುಗಿಬೀಳುತ್ತಿದ್ದದ್ದು ಬಾಗಿಲ ಪಕ್ಕ ನಿಲ್ಲಿಸಿದ್ದ ಒಂದು ಚಪ್ಪಡಿಗಾಗಿ. ಬೂದು ಬಣ್ಣದ ಸುಣ್ಣಕಲ್ಲು. ಒದ್ದೆ ಸ್ಪಂಜಿನಿಂದ ಒರೆಸಿದರೆ ಬಿಳಿ ದುಂಡುಗಳ ಎರಡು ಸಾಲು ಎದ್ದು ಕಾಣುತ್ತಿದ್ದವು. ಕೆಳಗೆ ದೊಡ್ಡವು, ಮೇಲೇರಿದಂತೆ ಚಿಕ್ಕವು, ಎರಡು ಸಾಲಿನ ನಡುವೆ ತೆಳ್ಳನೆಯ ಗೆರೆ. ಸಮುದ್ರದ ಕೆಸರಲ್ಲಿ ಹೂತ ಚಿಪ್ಪುಗಳು ಕಾಲಾಂತರದಲ್ಲಿ ಕಲ್ಲಾಗಿವೆ ಎಂಬಷ್ಟು ನನಗೂ ಗೊತ್ತಿತ್ತು. ಮಿಕ್ಕದ್ದನ್ನು ನಾನೇ ಸೇರಿಸಿದೆ. ಗೆರೆ ಎಂದರೆ ಬೀದಿ, ದುಂಡುಗಳೆಂದರೆ ಮನೆಗಳು. ಹನ್ನೆರಡು ಮನೆ, ಹನ್ನೆರಡು ಜೀವ. ಕೆಳಗಿನವರು ಸಾಹುಕಾರರು, ಮೇಲಿನವರು ಬಾಡಿಗೆಯವರು, ಮೂಲೆಮನೆಯವನಿಗೂ ಎದುರುಮನೆಯವನಿಗೂ ಮಾತಿಲ್ಲ.

ಈ ಕಥೆ ಕೇಳುತ್ತಲೇ ಬೆಳೆದವಳು ಅಕ್ಕನ ಮಗಳು. ತೆಳ್ಳಗೆ, ಚೂಪಾಗಿ ಇದ್ದುದರಿಂದ ಮನೆಯಲ್ಲೆಲ್ಲ ಅವಳಿಗೆ ಗುಂಡುಸೂಜಿ ಎಂದೇ ಹೆಸರು. ಹಾಲುಹಲ್ಲು ಬೀಳುವ ಮೊದಲೇ ಅವಳಿಗೊಂದು ಆಸೆ ಹತ್ತಿತ್ತು: ವಸ್ತುಸಂಗ್ರಹಾಲಯದಲ್ಲಿ ಕೂತು, ಕಲ್ಲಿನೊಳಗೆ ಏನಿದೆ ಎಂದು ಗುರುತಿಸುವ ಕೆಲಸ. ಓದು ಮುಗಿಸಿ ಸಂದರ್ಶನಕ್ಕೆ ಹೋದಳು. ಅಲ್ಲಿನ ಮೇಡಂ ಕೊಯ್ದ ಕಲ್ಲೊಂದನ್ನು ಮುಂದಿಟ್ಟು, ಇದರಲ್ಲಿ ಎಷ್ಟು ಜೀವಿಗಳಿವೆ ಎಂದು ಕೇಳಿದರು. ಎರಡು ಸಾಲು ದುಂಡು, ನಡುವೆ ಗೆರೆ. ನಮ್ಮ ಹುಡುಗಿ ಮನೆ ಎಣಿಸುವಂತೆ ಎಣಿಸಿ, ಹತ್ತು ಎಂದಳು. ಮೇಡಂ ಬೈಯಲಿಲ್ಲವಂತೆ. ಒಂದು ಕಲ್ಲನ್ನಾದರೂ ಸರಿಯಾಗಿ ನೋಡಿಕೊಂಡು ಮುಂದಿನ ತಿಂಗಳು ಬಾ, ಆಗಲೂ ತಪ್ಪಿದರೆ ಜಾಗ ಬೇರೆಯವರಿಗೆ ಎಂದರಂತೆ.

ಅವಳು ನೇರವಾಗಿ ಅಂಗಡಿಗೆ ಬಂದು ಒಡೆದ ಕಲ್ಲುಗಳ ಮೇಲೆ ಕೂತಳು.

"ಮಾವ, ನಿಮ್ಮ ಬೀದಿ ನನ್ನ ಕೆಲಸಾನ ನುಂಗ್ತು."

ಹಿಂದೆಯೇ ಬಂದ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವನ ಬಾಯಿ ನಂಬಿ ಮಗಳನ್ನ ಇಲ್ಲಿ ಆಡೋಕೆ ಬಿಟ್ನಲ್ಲ, ನನ್ನ ಬುದ್ಧಿಗೆ ಏನು ಹೇಳ್ಬೇಕು."

ನಾನು ಸೋಲುವ ಜಾತಿಯವನಲ್ಲ. ವಸ್ತುಸಂಗ್ರಹಾಲಯದವರೇ ತಪ್ಪು, ಬೇಕಿದ್ದರೆ ಕಲ್ಲನ್ನೇ ಕೇಳೋಣ ಎಂದೆ. ರಾಜಮಹಾರಾಜರು ಕಾಲಿಗೆ ಬಿದ್ದು ಕೇಳಿದರೂ ಕೊಡದ ಚಪ್ಪಡಿಯನ್ನು ಎತ್ತಿ ಪಾಲಿಶ್ ಯಂತ್ರದ ಕೆಳಗೆ ಮಲಗಿಸಿದೆ. ನಮ್ಮ ಕಸುಬಿನಲ್ಲಿ ಕಲ್ಲಿಗೆ ಒಂದೇ ಮುಖ. ಮುಖಕ್ಕೆ ಹೊಳಪು, ಬೆನ್ನಿಗೆ ಸಿಮೆಂಟು. ಮುಖದ ಹಿಂದೆ ಏನಿದೆ ಎಂದು ಯಾವ ಗಿರಾಕಿಯೂ ಕೇಳಿದ್ದಿಲ್ಲ, ನಾವೂ ಇಣುಕಿದ್ದಿಲ್ಲ.

ಉಗುರಿನಷ್ಟು ದಪ್ಪ ಸವೆಸುವುದು, ತೊಳೆಯುವುದು, ಅವಳು ತೆಳುಹಾಳೆ ಹಾಸಿ ಕಂಡದ್ದನ್ನು ಬರೆದುಕೊಳ್ಳುವುದು. ಹೀಗೆ ನಡೆಯಿತು. ಮೊದಲು ಬೀದಿ ಮಾಯವಾಯಿತು. ಆಮೇಲೆ ಎಡಮೂಲೆಯ ಸಾಹುಕಾರನ ಮನೆ ಹಿಗ್ಗಿ ಬಲಕ್ಕೆ ವಾಲಿತು. ಎದುರುಮನೆಯವನು ಇತ್ತ ಜರುಗಿದ. ಮತ್ತೊಂದು ಪದರ ಹೋದಾಗ, ಯುಗಯುಗಗಳಿಂದ ಮಾತು ಬಿಟ್ಟಿದ್ದ ಇಬ್ಬರೂ ಕೈ ಹಿಡಿದು ಒಂದೇ ಓರೆಪಟ್ಟಿಯಾದರು. ಅವರ ಮೇಲಿನವರೂ ಹಾಗೆಯೇ. ನಾನು ಯಂತ್ರ ನಿಲ್ಲಿಸಿದೆ.

ಗುಂಡುಸೂಜಿ ಅಟ್ಟಕ್ಕೆ ಹೋಗುವ ಸುರುಳಿ ಮೆಟ್ಟಿಲನ್ನೇ ನೋಡುತ್ತಿದ್ದಳು.

"ಮಾವ, ಆ ಮೆಟ್ಟಿಲನ್ನ ಮೇಲಿಂದ ಕೆಳಗೆ ಸರಿಯಾಗಿ ಮಧ್ಯಕ್ಕೆ ಸೀಳಿದ್ರೆ ಏನು ಕಾಣುತ್ತೆ?"

"ನಿಮ್ಮಮ್ಮನ ಕೈಲಿ ನನ್ನ ಸಾವು ಕಾಣುತ್ತೆ."

"ನಡುವೆ ಕಂಬ. ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು, ಮತ್ತೆ ಎಡಕ್ಕೆ. ಮೆಟ್ಟಿಲು ಮಾತ್ರ ಒಂದೇ." ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಬೆಳಕಿಗೆ ಹಿಡಿದಳು. "ಇದು ಹನ್ನೆರಡು ಮನೆ ಅಲ್ಲ ಮಾವ. ಒಂದೇ ಉದ್ದ ಶಂಖ. ಒಬ್ಬನೇ ಇದ್ದ. ಬೆಳೆದ ಹಾಗೆಲ್ಲ ಮನೇನ ದೊಡ್ಡದು ಮಾಡ್ಕೊಂಡು ಸುತ್ತಿದ್ದಾನೆ."

ಒಂದನ್ನು ಎರಡು ಮಾಡಿ ಹೇಳುವುದರಲ್ಲಿ ನಾನು ನಿಸ್ಸೀಮ. ಒಂದನ್ನು ಹನ್ನೆರಡು ಮಾಡಿ ತೋರಿಸಿದ್ದು ನನ್ನ ಗರಗಸ. ಅದನ್ನು ಇಷ್ಟು ವರ್ಷ ಸಾಕಿದ್ದಕ್ಕೂ ಸಾರ್ಥಕ.

ಎರಡನೆಯ ಸಂದರ್ಶನಕ್ಕೆ ನಾನೂ ಹೋದೆ. ಒಳಗಿರುವ ಕಲ್ಲುಗಳಲ್ಲಿ ಮುಕ್ಕಾಲು ಪಾಲು ನಾನೇ ಕೊಟ್ಟದ್ದೆಂದು ಕಾವಲುಗಾರನಿಗೆ ತಿಳಿಸಿ, ಅರ್ಧ ತೆರೆದ ಬಾಗಿಲ ಪಕ್ಕ ಕೂತೆ. ಮೇಡಂ ಈ ಸಲ ಇಟ್ಟಿಗೆ ಗಾತ್ರದ ಕಲ್ಲು ಇಟ್ಟರು. ಮೇಲ್ಮುಖದ ಅಂಚಿನಲ್ಲಿ ಅರ್ಧ ಉಂಗುರ, ಅಷ್ಟೇ. ನಾನಾಗಿದ್ದರೆ ಬಳೆ ಎಂದುಬಿಡುತ್ತಿದ್ದೆ, ಬಳೆಯ ಒಡತಿಯ ಮದುವೆಯನ್ನೂ ಮಾಡಿಸುತ್ತಿದ್ದೆ. ಗುಂಡುಸೂಜಿ ಉಂಗುರದ ಅಂಚಿನ ಮೇಲೆ ಬೆರಳಾಡಿಸಿ, ಬಗ್ಗಿ ಕಲ್ಲಿನ ಪಕ್ಕವನ್ನು ಇಣುಕಿದಳು.

"ಒಂದೇ ಮುಖ ನೋಡಿ ಹೇಳೋಕಾಗಲ್ಲ ಮೇಡಂ," ಎಂದಳು ಕೊನೆಗೆ. "ಸ್ವಲ್ಪ ನೀರು ಕೊಡ್ತೀರಾ?"

ಕಲ್ಲಿನ ಪಕ್ಕವನ್ನು ಒದ್ದೆ ಮಾಡಿ ತಿರುಗಿಸಿದಳು. ಉಂಗುರದಿಂದ ಕೆಳಕ್ಕೆ ಕೊಂಬಿನಂತೆ ಮೊನಚಾಗುವ ಆಕಾರ, ಅದರೊಳಗೆ ಸಾಲಾಗಿ ಅಡ್ಡಗೋಡೆಗಳು. ಇದು ನೆಟ್ಟಗೆ ಬೆಳೆದ ಕೊಂಬಿನಂಥ ಚಿಪ್ಪು, ಅಡ್ಡ ಕೊಯ್ದ ಕಡೆ ಉಂಗುರ, ಉದ್ದ ಕೊಯ್ದ ಕಡೆ ಗೋಡೆಗಳು, ಜೀವಿ ಒಂದೇ ಎಂದಳು.

ಮೇಡಂ ನೀರಿನ ಲೋಟವನ್ನು ಪಕ್ಕಕ್ಕಿಟ್ಟರು. "ಸೋಮವಾರದಿಂದ ಬರ್ತೀಯೇನಮ್ಮ?"

ಸವೆದ ಚಪ್ಪಡಿ ಈಗಲೂ ನನ್ನ ಬಾಗಿಲಲ್ಲೇ ಇದೆ. ಬೀದಿ ಎಲ್ಲಿ ಹೋಯಿತು ಎಂದು ಜನ ಕೇಳುತ್ತಾರೆ. ಅಲ್ಲಿದ್ದವನು ಒಬ್ಬನೇ ಎನ್ನುತ್ತೇನೆ. ನನ್ನ ಬಾಯಿಂದ ಅಪರೂಪಕ್ಕೆ ನಿಜ ಬಂದರೆ ಒಬ್ಬರೂ ನಂಬುವುದಿಲ್ಲ. ಅದಕ್ಕೇ ಎಲ್ಲರನ್ನೂ ವಸ್ತುಸಂಗ್ರಹಾಲಯಕ್ಕೆ ಅಟ್ಟುತ್ತೇನೆ: ಹೋಗಿ, ನನ್ನ ಅಕ್ಕನ ಮಗಳನ್ನು ಕೇಳಿ. ನನ್ನಿಂದಾಗಿ ಅಲ್ಲಿ ಕಾಲಿಡಲು ಜಾಗವಿಲ್ಲ, ಸಾವಿರ ಸಾವಿರ ಜನ.

"ಮಾವ, ನಿನ್ನೆ ಬಂದಿದ್ದು ಏಳು ಜನ," ಎಂದಳು ಗುಂಡುಸೂಜಿ, ಬೆರಳಿಗಂಟಿದ ಕಲ್ಲಿನ ಪುಡಿ ಒರೆಸಿಕೊಳ್ಳುತ್ತಾ.

"ನೀನು ಯಾವ ಕಡೆಯಿಂದ ಕೊಯ್ದು ಎಣಿಸಿದೆ?" ಎಂದೆ.